ಎಣ್ಣೆಯ ಪೊರೆ ಮತ್ತು ಸವೆದ ಬೇರಿಂಗು: ವೇಗದ ಕಾರುಗಳ ದುರಸ್ತಿಯ ಇತಿಹಾಸದಲ್ಲಿ ಒಂದು ಅಧ್ಯಾಯ

ಚರಿತ್ರೆಯನ್ನು ಅಭ್ಯಾಸಮಾಡುವ ನಾವು ಶಾಸನ, ನಾಣ್ಯ, ಕಡತ ಮೊದಲಾದವುಗಳನ್ನು ಆಧಾರಗಳೆಂದು ಪರಿಗಣಿಸುವುದುಂಟು. ಕೆಟ್ಟುಹೋದ ಯಂತ್ರದ ಒಂದು ತುಂಡನ್ನು ಹಾಗೆ ಪರಿಗಣಿಸುವುದು ವಿರಳ. ಆದರೆ ಮೋಟಾರು ಕಾರಿನ ಎಂಜಿನ್ನನ್ನು ಬಿಚ್ಚಿದಾಗ ದೊರೆಯುವ ಸವೆದ ಬೇರಿಂಗಿನ ಚಿಪ್ಪು ನಿಜವಾಗಿಯೂ ಒಂದು ದಾಖಲೆ. ಎಂಜಿನ್ನು ಯಾವ ಹೊರೆಯನ್ನು ಹೊತ್ತಿತು, ಯಾವಾಗ ಎಣ್ಣೆಯಿಲ್ಲದೆ ಬಳಲಿತು, ಯಾರ ಕೈಯಲ್ಲಿ ಹೇಗೆ ಜೋಡಣೆಗೊಂಡಿತು ಎಂಬುದೆಲ್ಲ ಅದರ ಮೇಲೆ ಗೀರುಗಳಾಗಿ, ಹೊಳಪಾಗಿ, ಕರಿಕಲೆಗಳಾಗಿ ಉಳಿದಿರುತ್ತದೆ. ಈ ದಾಖಲೆಯನ್ನು ಓದುವ ಕಲೆ ಹೇಗೆ ಬೆಳೆಯಿತೆಂಬುದನ್ನು ನಾವು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲು ಯತ್ನಿಸಿದ್ದೇವೆ. ತಯಾರಕರು ಉದ್ದೇಶಿಸಿದ್ದಕ್ಕಿಂತ ಹೆಚ್ಚಿನ ವೇಗಕ್ಕಾಗಿ ಒಡೆಯರು ಮಾರ್ಪಡಿಸಿಕೊಂಡ ಕಾರುಗಳನ್ನೇ ಮುಖ್ಯವಾಗಿ ಗಮನಿಸಿದ್ದೇವೆ. ಸಾಮಾನ್ಯ ಕಾರಿನಲ್ಲಿ ವರ್ಷಗಟ್ಟಲೆ ಅಡಗಿರುವ ದೋಷ ಅಂಥ ಕಾರುಗಳಲ್ಲಿ ಬಹುಬೇಗ ಬಯಲಾಗುವುದೇ ಇದಕ್ಕೆ ಕಾರಣ.

ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಚ್ಚುವುದನ್ನು ಬಲ್ಲವರಿಗೆ ಬೇರಿಂಗಿನ ತತ್ತ್ವ ಹೊಸದಲ್ಲ. ತಿರುಗುವ ಭಾಗಕ್ಕೂ ಅದನ್ನು ಹೊತ್ತ ಭಾಗಕ್ಕೂ ನಡುವೆ ಉಜ್ಜಾಟವನ್ನು ಕಡಮೆಮಾಡುವುದೇ ಅದರ ಕೆಲಸ. ಕಾರಿನ ಎಂಜಿನ್ನಿನಲ್ಲಿ ಪಿಸ್ಟನ್ನುಗಳ ಮೇಲಿಂದ ಕೆಳಗಣ ಓಟವನ್ನು ಕನೆಕ್ಟಿಂಗ್ ರಾಡುಗಳು ಕ್ರ್ಯಾಂಕ್ ಷಾಫ್ಟಿಗೆ ಮುಟ್ಟಿಸಿ ಸುತ್ತುವ ಚಲನೆಯಾಗಿ ಪರಿವರ್ತಿಸುತ್ತವೆ. ರಾಡು ಷಾಫ್ಟನ್ನು ಹಿಡಿಯುವೆಡೆಯಲ್ಲಿಯೂ ಷಾಫ್ಟು ಎಂಜಿನ್ನಿನ ಒಡಲಿನಲ್ಲಿ ಕುಳಿತುಕೊಳ್ಳುವೆಡೆಯಲ್ಲಿಯೂ ಬೇರಿಂಗುಗಳಿರುತ್ತವೆ. ಮೊದಲಿನವು ರಾಡಿನ ಬೇರಿಂಗುಗಳು, ಎರಡನೆಯವು ಮೇನ್ ಬೇರಿಂಗುಗಳು. ಒಂದು ಬೇರಿಂಗು ಕೆಟ್ಟರೆ ಷಾಫ್ಟು ಕೆಡುತ್ತದೆ. ಷಾಫ್ಟು ಹಿಡಿದು ನಿಂತರೆ ಇಡೀ ಎಂಜಿನ್ನೇ ನಾಶವಾಗುವುದುಂಟು.

ಮೆತುವಾದ ಲೋಹವೊಂದನ್ನು ಈ ಕೆಲಸಕ್ಕೆ ಒದಗಿಸಿದವರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಐಸಾಕ್ ಬ್ಯಾಬಿಟ್ ಅಗ್ರಗಣ್ಯನು. 1839ರಲ್ಲಿ ಅವನು ಪೇಟೆಂಟನ್ನು ಪಡೆದನು. ಮುಂದೆ ಅಮೆರಿಕದ ಕಾಂಗ್ರೆಸ್ಸು ಅವನಿಗೆ 20,000 ಡಾಲರುಗಳನ್ನು ಕೊಟ್ಟಿತು. ತವರವೇ ಪ್ರಧಾನವಾಗಿ, ಆಂಟಿಮನಿ ಮತ್ತು ತಾಮ್ರಗಳು ಸ್ವಲ್ಪಸ್ವಲ್ಪ ಬೆರೆತ ಆ ಮಿಶ್ರಲೋಹ ಇಂದಿಗೂ ಬ್ಯಾಬಿಟ್ ಎಂದೇ ಹೆಸರಾಗಿದೆ. ಎಣ್ಣೆಯಲ್ಲಿ ಬಂದ ಸಣ್ಣ ಕಸವನ್ನು ಅದು ತನ್ನೊಳಗೆ ಹುದುಗಿಸಿಕೊಂಡು ಷಾಫ್ಟನ್ನು ಗೀರದಂತೆ ಕಾಯುತ್ತದೆ. ಷಾಫ್ಟಿನ ಆಕಾರಕ್ಕೆ ತಾನೇ ಹೊಂದಿಕೊಳ್ಳುತ್ತದೆ. ಆದರೆ ಸುಮಾರು 240 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಅದು ಕರಗತೊಡಗುತ್ತದೆ. ಅದಕ್ಕೂ ಮುಂಚೆಯೇ ಮೆತ್ತಗಾಗಿ ಹೊರೆಯನ್ನು ತಾಳದೆ ಬಿರಿಯುತ್ತದೆ. ಹೀಗಾಗಿ ಬೇರಿಂಗು ಕೆಟ್ಟಾಗಲೆಲ್ಲ ಲೋಹವನ್ನು ದೂರುವ ಪದ್ಧತಿ ಕಾರ್ಯಾಗಾರಗಳಲ್ಲಿ ಬೇರೂರಿತು.

ಈ ನಂಬಿಕೆಯನ್ನು ಅಲುಗಿಸಿದ್ದು ಒಂದು ಆಕಸ್ಮಿಕ. ಲಂಡನ್ನಿನ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆಯ ಪರವಾಗಿ ಬೋಷಾಂ ಟವರ್ ಎಂಬುವರು ರೈಲುಗಾಡಿಯ ಅಚ್ಚಿನಂಥ ಬೇರಿಂಗುಗಳ ಮೇಲೆ ಪ್ರಯೋಗಗಳನ್ನು ನಡೆಸಿ 1883ರಲ್ಲಿ ವರದಿಯನ್ನು ಪ್ರಕಟಿಸಿದರು. ಎಣ್ಣೆ ಹಾಕುವುದಕ್ಕೆಂದು ಬೇರಿಂಗಿನ ನೆತ್ತಿಯಲ್ಲಿ ರಂಧ್ರವೊಂದನ್ನು ಕೊರೆದಾಗ, ಎಣ್ಣೆ ಒಳಕ್ಕಿಳಿಯುವ ಬದಲು ಹೊರಕ್ಕೆ ಉಕ್ಕಿಬಂದಿತು. ಬೆಣೆ ಬಡಿದು ಮುಚ್ಚಿದರೆ ಬೆಣೆಯೇ ಮೇಲಕ್ಕೆ ತಳ್ಳಲ್ಪಟ್ಟಿತು. ಒತ್ತಡಮಾಪಕವನ್ನು ಜೋಡಿಸಿ ನೋಡಲು ಚದರಂಗುಲಕ್ಕೆ 200 ಪೌಂಡಿಗೂ ಮಿಕ್ಕ ಒತ್ತಡ ಕಂಡಿತು; ಬೇರಿಂಗಿನ ಮೇಲೆ ಹೇರಿದ್ದ ಸರಾಸರಿ ಹೊರೆಯಾದರೋ ಅದರ ಅರ್ಧದಷ್ಟು ಮಾತ್ರ. ಷಾಫ್ಟು ಲೋಹದ ಮೇಲಲ್ಲ, ಎಣ್ಣೆಯ ಮೇಲೆ ತೇಲುತ್ತಿದೆಯೆಂಬುದು ಇದರಿಂದ ಸ್ಪಷ್ಟವಾಯಿತು. ಮ್ಯಾಂಚೆಸ್ಟರಿನ ಪ್ರಾಧ್ಯಾಪಕ ಆಸ್ಬರ್ನ್ ರೆನಾಲ್ಡ್ಸರು 1886ರಲ್ಲಿ ಇದಕ್ಕೆ ಗಣಿತದ ವಿವರಣೆಯನ್ನು ಕೊಟ್ಟರು. ತಿರುಗುವ ಷಾಫ್ಟು ಎಣ್ಣೆಯನ್ನು ಕಿರಿದಾಗುತ್ತ ಹೋಗುವ ಸಂದಿಯೊಳಕ್ಕೆ ಎಳೆದುಕೊಳ್ಳುತ್ತದೆ. ಬೆಣೆಯಾಕಾರದ ಆ ಎಣ್ಣೆಯಲ್ಲಿಯೇ ಒತ್ತಡವೆದ್ದು ಹೊರೆಯನ್ನು ಎತ್ತಿಹಿಡಿಯುತ್ತದೆ. ರಷ್ಯದಲ್ಲಿ ನಿಕೊಲಾಯ್ ಪೆಟ್ರೋವರು 1883ರಲ್ಲಿಯೇ ಎಣ್ಣೆಯ ಪೊರೆಯ ಘರ್ಷಣೆಯನ್ನು ಕುರಿತು ವಿವೇಚಿಸಿದ್ದರು. ಈ ಪೊರೆ ಮಿಲಿಮೀಟರಿನ ಸಾವಿರದ ಕೆಲವೇ ಭಾಗಗಳಷ್ಟು ತೆಳುವಾಗಿರಬಹುದು. ಅದು ಅಖಂಡವಾಗಿರುವವರೆಗೆ ಲೋಹಕ್ಕೆ ಲೋಹ ತಾಗುವುದಿಲ್ಲ, ಸವೆತವೂ ನಗಣ್ಯ. ಆದುದರಿಂದ ಸವೆದ ಬೇರಿಂಗಿನ ಮುಂದೆ ಕೇಳತಕ್ಕ ಮೊದಲ ಪ್ರಶ್ನೆ, ಲೋಹ ಏಕೆ ಸೋತಿತು ಎಂಬುದಲ್ಲ. ಪೊರೆ ಏಕೆ ಹರಿಯಿತು ಎಂಬುದು.

ಸಿದ್ಧಾಂತ ಪ್ರಕಟವಾದ ಮಾತ್ರಕ್ಕೆ ಕಾರ್ಯಾಗಾರದ ರೂಢಿ ಬದಲಾಗಲಿಲ್ಲ. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. 20 ಅಶ್ವಶಕ್ತಿಯ ಅದರ ಎಂಜಿನ್ನಿಗೆ ಎಣ್ಣೆಯ ಪಂಪೇ ಇರಲಿಲ್ಲ. ತಿರುಗುವ ಫ್ಲೈವೀಲು ಎರಚಿದ ಎಣ್ಣೆ ಕೊಳವೆಯೊಂದರಲ್ಲಿ ಮುಂದಕ್ಕೆ ಹರಿಯುತ್ತಿತ್ತು. ರಾಡುಗಳು ತಳದ ತೊಟ್ಟಿಗಳಲ್ಲಿ ಮುಳುಗೆದ್ದು ಉಳಿದುದನ್ನು ಚಿಮ್ಮಿಸಿಕೊಳ್ಳುತ್ತಿದ್ದವು. ಮಂದಗತಿಯ ಪ್ರಯಾಣಕ್ಕೆ ಇಷ್ಟೇ ಸಾಕಾಗಿತ್ತು. ಬೇರಿಂಗು ಸಡಿಲವಾಗಿ ಕುಟ್ಟುವ ಸದ್ದು ಕೇಳಿಸಿದರೆ, ಮುಚ್ಚಳದ ಕೆಳಗಿನ ತೆಳು ತಗಡುಗಳನ್ನು ತೆಗೆದು ಅಥವಾ ಮುಚ್ಚಳದ ಅಂಚನ್ನು ಅರದಿಂದ ಉಜ್ಜಿ ಬಿಗಿಮಾಡುತ್ತಿದ್ದರು. ಹೊಸದಾಗಿ ಬ್ಯಾಬಿಟ್ ಎರಕ ಹೊಯ್ದಾಗ ಷಾಫ್ಟಿಗೆ ನೀಲಿ ಬಣ್ಣ ಸವರಿ, ಬೇರಿಂಗಿನಲ್ಲಿ ಬಣ್ಣ ತಾಗಿದ ಉಬ್ಬುಗಳನ್ನು ಕೈಯಿಂದಲೇ ಹೆರೆದು ಸಮಮಾಡುತ್ತಿದ್ದರು. ಇದರಲ್ಲಿ ನೈಪುಣ್ಯವಿತ್ತೆಂಬುದು ನಿಸ್ಸಂದೇಹ. ಆದರೆ ಷಾಫ್ಟೇ ಸವೆದು ಅಂಡಾಕಾರವಾಗಿದ್ದರೆ ಮುಚ್ಚಳವನ್ನು ಎಷ್ಟು ಬಿಗಿದರೂ ಪ್ರಯೋಜನವಿಲ್ಲ. ಒಂದೆಡೆ ಬಿಗಿ, ಇನ್ನೊಂದೆಡೆ ಸಡಿಲ.

ಈ ಸಾಧು ಕಾರನ್ನೇ ಪಂದ್ಯದ ಕಾರಾಗಿಸುವ ಉತ್ಸಾಹ 1920ರ ದಶಕದಲ್ಲಿ ಹಬ್ಬಿತು. ಷೆವ್ರೊಲೆ ಸೋದರರ ಫ್ರಾಂಟೆನಾಕ್ ಸಂಸ್ಥೆ ಟಿ ಎಂಜಿನ್ನಿಗಾಗಿಯೇ ಹೆಚ್ಚು ಶಕ್ತಿಯ ಸಿಲಿಂಡರ್ ಹೆಡ್ಡುಗಳನ್ನು ಮಾರಿತು. 1923ರ ಇಂಡಿಯಾನಾಪೊಲಿಸ್ 500 ಮೈಲಿಯ ಪಂದ್ಯದಲ್ಲಿ ಅಂಥ ಒಂದು ಕಾರು 5ನೆಯ ಸ್ಥಾನವನ್ನು ಗಳಿಸಿತು. ಆದರೆ ಇಮ್ಮಡಿ ಶಕ್ತಿಯನ್ನು ಚಿಮ್ಮುವ ಎಣ್ಣೆ ಕಾಪಾಡಲಾರದೆಂಬುದನ್ನು ಸ್ಪರ್ಧಾಳುಗಳು ಕರಗಿದ ಬ್ಯಾಬಿಟ್ಟಿನಿಂದಲೇ ಕಲಿಯಬೇಕಾಯಿತು. ಷಾಫ್ಟಿನಲ್ಲಿ ಎಣ್ಣೆಯ ದಾರಿಗಳನ್ನು ಕೊರೆದು ಪಂಪಿನಿಂದ ಒತ್ತಿ ಹರಿಸುವ ಏರ್ಪಾಡು ಅವರಿಗೆ ಅನಿವಾರ್ಯವಾಯಿತು. ಉಗಿಯಂತ್ರಗಳಲ್ಲಿ ಈ ಉಪಾಯ ಆಗಲೇ ಹಳೆಯದು. ಬರ್ಮಿಂಗ್‌ಹ್ಯಾಮಿನ ಬೆಲಿಸ್ ಮತ್ತು ಮಾರ್ಕಂ ಸಂಸ್ಥೆಯ ಆಲ್ಬರ್ಟ್ ಪೇನ್ 1890ರಲ್ಲಿಯೇ ಅದಕ್ಕೆ ಪೇಟೆಂಟು ಪಡೆದಿದ್ದನು. 1932ರಲ್ಲಿ ಬಂದ 65 ಅಶ್ವಶಕ್ತಿಯ ಫೋರ್ಡ್ ವಿ-8 ಎಂಜಿನ್ನು ದಕ್ಷಿಣ ಕ್ಯಾಲಿಫೋರ್ನಿಯದ ತರುಣರ ಕೈಗೆ ಸಿಕ್ಕಿದಾಗ ಇದೇ ಪಾಠ ಮರುಕಳಿಸಿತು. ಒಣಗಿದ ಸರೋವರಗಳ ಬಯಲಿನಲ್ಲಿ ಕಾರುಗಳನ್ನು ಓಡಿಸುತ್ತಿದ್ದ ಅವರು 1937ರಲ್ಲಿ ತಮ್ಮದೇ ಸಂಘವೊಂದನ್ನು ಕಟ್ಟಿಕೊಂಡರು. ಹಾಟ್ ರಾಡ್ ಎಂದು ಹೆಸರಾದ ಅವರ ಕಾರುಗಳಲ್ಲಿ ಶಕ್ತಿ ಹೆಚ್ಚಿದಂತೆಲ್ಲ ಬೇರಿಂಗಿನ ಪ್ರಶ್ನೆ ಮತ್ತೆ ಮತ್ತೆ ತಲೆಯೆತ್ತಿತು.

ಈ ನಡುವೆ ಬೇರಿಂಗಿನ ರೂಪವೇ ಬದಲಾಯಿತು. ಒಡಲಿನಲ್ಲಿಯೇ ಎರಕ ಹೊಯ್ಯುವುದಕ್ಕೆ ಬದಲಾಗಿ, ಉಕ್ಕಿನ ತೆಳು ಪಟ್ಟಿಯ ಮೇಲೆ ಮಿಶ್ರಲೋಹವನ್ನು ಲೇಪಿಸಿ ಅರ್ಧವೃತ್ತಾಕಾರದ ಚಿಪ್ಪುಗಳನ್ನು ಕಾರ್ಖಾನೆಯಲ್ಲಿ ನಿಷ್ಕೃಷ್ಟ ಅಳತೆಗೆ ತಯಾರಿಸುವ ಕ್ರಮ ಬಂದಿತು. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಬೆಳೆದ ಈ ವಿದ್ಯೆಯನ್ನು 1930ರ ದಶಕದಲ್ಲಿ ಇಂಗ್ಲೆಂಡಿಗೆ ತಂದವರು ಟೋನಿ ವಾಂಡರ್ವೆಲ್. ತೆಳುಗೋಡೆ ಎಂದು ಅರ್ಥಕೊಡುವ ‘ಥಿನ್‌ವಾಲ್’ ಬೇರಿಂಗುಗಳಿಂದ ಅವರು ಸಂಪನ್ನರಾದರು. ಫೆರಾರಿ ಪಂದ್ಯದ ಕಾರನ್ನು ಕೊಂಡು, ಮಾರ್ಪಡಿಸಿ, ‘ಥಿನ್‌ವಾಲ್ ಸ್ಪೆಷಲ್’ ಎಂದು ಹೆಸರಿಟ್ಟು ಓಡಿಸಿದರು. ತಮ್ಮ ಹೆಸರನ್ನೂ ಬೇರಿಂಗಿನ ಹೆಸರನ್ನೂ ಕೂಡಿಸಿ ‘ವಾನ್‌ವಾಲ್’ ಎಂಬ ಕಾರನ್ನು ನಿರ್ಮಿಸಿದರು. 1958ರಲ್ಲಿ ಫಾರ್ಮುಲಾ ಒಂದರ ತಯಾರಕರ ಪ್ರಶಸ್ತಿಯನ್ನು ಮೊತ್ತಮೊದಲು ಗೆದ್ದದ್ದು ಈ ಕಾರೇ. ಆದರೆ ಅದೇ ವರ್ಷ ಅಕ್ಟೋಬರಿನಲ್ಲಿ, ಮೊರಾಕೊದ ಪಂದ್ಯದಲ್ಲಿ ವಾನ್‌ವಾಲಿನ ಎಂಜಿನ್ನು ಹಿಡಿದು ನಿಂತು ಕಾರು ಹತೋಟಿ ತಪ್ಪಿತು. ತರುಣ ಚಾಲಕ ಸ್ಟುವರ್ಟ್ ಲೂಯಿಸ್-ಇವಾನ್ಸ್ ಸುಟ್ಟಗಾಯಗಳಿಂದ ಕೆಲವು ದಿನಗಳಲ್ಲಿ ಮೃತನಾದನು. ಅತಿವೇಗದಲ್ಲಿ ಎಂಜಿನ್ನಿನ ಚಲನೆ ಥಟ್ಟನೆ ನಿಲ್ಲುವುದು ಕೇವಲ ಲೋಹದ ನಷ್ಟವಲ್ಲ, ಮನುಷ್ಯನ ಪ್ರಾಣದ ಪ್ರಶ್ನೆ ಎಂಬುದನ್ನು ಈ ಪ್ರಸಂಗ ಮರೆಯಗೊಡುವುದಿಲ್ಲ.

ಮಾರ್ಪಾಟು ಬೇರಿಂಗಿಗೆ ಏನು ಮಾಡುತ್ತದೆಂಬುದನ್ನು ಸರಳ ಲೆಕ್ಕವೊಂದು ತಿಳಿಸುತ್ತದೆ. ಪಿಸ್ಟನ್ನಿನ ಮತ್ತು ರಾಡಿನ ಜಡತ್ವದಿಂದ ಹುಟ್ಟುವ ಹೊರೆ ವೇಗದ ವರ್ಗಕ್ಕೆ ಅನುಗುಣವಾದುದು. ನಿಮಿಷಕ್ಕೆ 4000 ಸುತ್ತು ತಿರುಗುತ್ತಿದ್ದ ಎಂಜಿನ್ನನ್ನು 6000ಕ್ಕೆ ಏರಿಸಿದರೆ ವೇಗ ಒಂದೂವರೆಯಷ್ಟಾಗುತ್ತದೆ, ಹೊರೆ ಎರಡೂಕಾಲರಷ್ಟಾಗುತ್ತದೆ. ಈ ಎಳೆತ ರಾಡಿನ ಕೆಳ ಚಿಪ್ಪಿನ ಮೇಲೆ ಬೀಳುತ್ತದೆ. ಟರ್ಬೊ ಮೊದಲಾದ ಸಾಧನಗಳಿಂದ ಸಿಲಿಂಡರಿನೊಳಗಿನ ಒತ್ತಡವನ್ನು ಹೆಚ್ಚಿಸಿದರೆ ಅದರ ಪೆಟ್ಟು ಮೇಲಿನ ಚಿಪ್ಪಿನ ಮೇಲೆ. ಆದುದರಿಂದ ಯಾವ ಚಿಪ್ಪು ಹೆಚ್ಚು ಬಳಲಿದೆಯೆಂಬುದೇ ಒಂದು ಸಾಕ್ಷ್ಯ. ಒಂದೇ ಅಂಚಿನಲ್ಲಿ ಸವೆತವಿದ್ದರೆ ರಾಡು ಬಾಗಿರಬಹುದು ಅಥವಾ ಷಾಫ್ಟು ಒಂದು ಕಡೆಗೆ ಮೊನಚಾಗಿರಬಹುದು. ಹುದುಗಿದ ಕಣಗಳೂ ಉದ್ದುದ್ದ ಗೀರುಗಳೂ ಕೊಳಕು ಎಣ್ಣೆಯನ್ನು ಸೂಚಿಸುತ್ತವೆ. ಲೇಪ ಒರೆಸಿಹೋಗಿ ಶಾಖದಿಂದ ಕಪ್ಪಿಟ್ಟಿದ್ದರೆ ಎಣ್ಣೆಯ ಅಭಾವ. ವೇಗವಾಗಿ ತಿರುವನ್ನು ಸುತ್ತುವಾಗ ತಳದ ಎಣ್ಣೆ ಒಂದು ಬದಿಗೆ ಸರಿದು, ಪಂಪು ಗಾಳಿಯನ್ನೇ ಹೀರುವುದುಂಟು. ಪೊರೆ ಹರಿಯಲು ಆ ಕೆಲವು ಕ್ಷಣಗಳೇ ಸಾಕು.

ಬಿಚ್ಚುವುದಕ್ಕೆ ಮುನ್ನವೇ ಓದಬಹುದಾದ ಲಕ್ಷಣಗಳೂ ಇವೆ. ಕಾದ ಎಂಜಿನ್ನಿನಲ್ಲಿ ಎಣ್ಣೆಯ ಒತ್ತಡ ಮೊದಲಿಗಿಂತ ಇಳಿದಿರುವುದು ಒಂದು; ನಿಮಿಷಕ್ಕೆ ಪ್ರತಿ 1000 ಸುತ್ತಿಗೆ ಚದರಂಗುಲಕ್ಕೆ 10 ಪೌಂಡು ಇರಬೇಕೆಂಬುದು ಪಂದ್ಯದ ಕಾರುಗಳವರ ಹಳೆಯ ಲೆಕ್ಕ. ಕುಟ್ಟುವ ಸದ್ದು ಮತ್ತೊಂದು. ಒಂದು ಸಿಲಿಂಡರಿನ ಕಿಡಿಯನ್ನು ತಪ್ಪಿಸಿದಾಗ ಸದ್ದು ತಗ್ಗಿದರೆ ಆ ಸಿಲಿಂಡರಿನ ರಾಡನ್ನು ಸಂಶಯಿಸಬೇಕು. ಎಣ್ಣೆಯ ಫಿಲ್ಟರನ್ನು ಸೀಳಿದಾಗ ಕಾಣುವ ಲೋಹದ ಹೊಳೆಯುವ ಚೂರುಗಳು ಮೂರನೆಯದು. ಬಳಸಿದ ಎಣ್ಣೆಯಲ್ಲಿನ ಲೋಹಾಂಶವನ್ನು ರೋಹಿತದ ಮೂಲಕ ಅಳೆದು ರೋಗವನ್ನು ಮೊದಲೇ ಗುರುತಿಸುವ ಕ್ರಮವನ್ನು ಅಮೆರಿಕದ ಡೆನ್ವರ್ ಮತ್ತು ರಿಯೊ ಗ್ರಾಂಡೆ ರೈಲ್ವೆ 1946ರಲ್ಲಿ ಡೀಸೆಲ್ ಎಂಜಿನ್ನುಗಳಿಗೆ ಅನ್ವಯಿಸಿತು. ಅದು ಬರಬರುತ್ತ ಕಾರುಗಳಿಗೂ ಇಳಿದುಬಂದಿದೆ. ಗಟ್ಟಿ ಎಣ್ಣೆಯನ್ನು ಸುರಿದೋ ದೊಡ್ಡ ಪಂಪನ್ನು ಜೋಡಿಸಿಯೋ ಒತ್ತಡಮಾಪಕದ ಮುಳ್ಳನ್ನು ಏರಿಸುವವರಿದ್ದಾರೆ. ಪಂಪು ಎಣ್ಣೆಯನ್ನು ತಲಪಿಸುತ್ತದೆಯೇ ಹೊರತು ಹೊರೆಯನ್ನು ಹೊರುವುದಿಲ್ಲ. ಹೊರುವುದು ಷಾಫ್ಟಿನ ಸುತ್ತ ಏಳುವ ಪೊರೆ. ಸವೆದ ಬೇರಿಂಗಿಗೆ ಈ ಉಪಚಾರ ರೋಗವನ್ನು ವಾಸಿಮಾಡದೆ ನರಳಿಕೆಯನ್ನು ಅಡಗಿಸಿದಂತೆ.

ದುರಸ್ತಿಯ ಕ್ರಮವೂ ಈ ತಿಳಿವಳಿಕೆಯಿಂದಲೇ ಹುಟ್ಟಿದೆ. ಚಿಪ್ಪುಗಳನ್ನು ತೆಗೆದ ಕ್ರಮದಲ್ಲಿಯೇ, ಸ್ಥಾನವನ್ನು ಗುರುತಿಸಿ, ಸಾಲಾಗಿ ಇಡಬೇಕು. ರಾಶಿ ಹಾಕಿದರೆ ದಾಖಲೆ ನಾಶವಾದಂತೆ. ಷಾಫ್ಟನ್ನು ಮೈಕ್ರೊಮೀಟರಿನಿಂದ ಹಲವೆಡೆ ಅಳೆದು, ಅಂಡಾಕಾರವಾಗಿದ್ದರೆ 0.25 ಅಥವಾ 0.50 ಮಿಲಿಮೀಟರು ಕಡಮೆಯಾಗುವಂತೆ ಸಾಣೆಹಿಡಿಸಿ, ಅದಕ್ಕೆ ತಕ್ಕ ದಪ್ಪದ ಚಿಪ್ಪುಗಳನ್ನು ಹಾಕಬೇಕು. ಷಾಫ್ಟಿನ ವ್ಯಾಸದ ಸಾವಿರದಲ್ಲೊಂದು ಭಾಗದಷ್ಟು ಸಂದಿಯಿರಬೇಕೆಂಬುದು ಸ್ಥೂಲವಾದ ನಿಯಮ. 50 ಮಿಲಿಮೀಟರಿನ ಷಾಫ್ಟಿಗೆ 0.05 ಮಿಲಿಮೀಟರು. ಕೊರೆದ ಎಣ್ಣೆದಾರಿಗಳಲ್ಲಿ ಹಳೆಯ ಲೋಹದ ಚೂರುಗಳು ಉಳಿದರೆ ಹೊಸ ಬೇರಿಂಗು ಮೊದಲ ದಿನವೇ ಗಾಯಗೊಳ್ಳುತ್ತದೆ. ಹಿಂದಿನವರಂತೆ ಮುಚ್ಚಳವನ್ನು ಅರದಿಂದ ಉಜ್ಜುವುದು ಇಂದಿನ ಚಿಪ್ಪುಗಳಿಗೆ ಸಲ್ಲದು, ವೃತ್ತ ಕೆಟ್ಟುಹೋಗುತ್ತದೆ. ಇವೆಲ್ಲಕ್ಕಿಂತ ಮಿಗಿಲಾಗಿ, ಪೊರೆ ಹರಿಯಲು ಕಾರಣವಾದುದನ್ನು ಸರಿಪಡಿಸದೆ ಎಂಜಿನ್ನನ್ನು ಮುಚ್ಚಕೂಡದು. ತಿರುವಿನಲ್ಲಿ ಎಣ್ಣೆ ಸರಿಯುತ್ತಿದ್ದರೆ ತಳದಲ್ಲಿ ಅಡ್ಡತಡೆಗಳನ್ನು ಹಾಕಬೇಕು, ಅತಿವೇಗವೇ ಕಾರಣವಾದರೆ ಮಿತಿಯನ್ನು ಇಳಿಸಬೇಕು.

ಲೋಹ ಇಂದಿಗೂ ಬದಲಾಗುತ್ತಲೇ ಇದೆ. 2000ರಲ್ಲಿ ಯುರೋಪಿನ ಒಕ್ಕೂಟ ಹಳೆಯ ವಾಹನಗಳ ವಿಲೇವಾರಿಯ ಬಗ್ಗೆ ಮಾಡಿದ ನಿಬಂಧನೆಯಿಂದಾಗಿ ಬೇರಿಂಗುಗಳಲ್ಲಿನ ಸೀಸವನ್ನು ಕ್ರಮೇಣ ಕೈಬಿಡಬೇಕಾಗಿ ಬಂದಿತು. ಆರೋಗ್ಯದ ದೃಷ್ಟಿಯಿಂದ ಇದು ಯುಕ್ತವೇ. ಆದರೆ ಸೀಸದ ಮೆತುತನದಲ್ಲಿ ಅಡಗಿಹೋಗುತ್ತಿದ್ದ ಸಣ್ಣ ತಪ್ಪುಗಳಿಗೆ ಈಗ ಮೊದಲಿನಷ್ಟು ಕ್ಷಮೆಯಿಲ್ಲ. ಬ್ಯಾಬಿಟ್ಟನಿಂದ ಇಂದಿನವರೆಗಿನ ಚರಿತ್ರೆಯನ್ನು ಅವಲೋಕಿಸಿದರೆ ನಮಗೆ ತೋರುವುದಿಷ್ಟು: ಲೋಹ ನಾಲ್ಕಾರು ಸಲ ಬದಲಾದರೂ ಟವರರ ರಂಧ್ರದಿಂದ ಉಕ್ಕಿದ ಎಣ್ಣೆ ಹೇಳಿದ ಸತ್ಯ ಬದಲಾಗಿಲ್ಲ. ಹೊಸ ಚಿಪ್ಪನ್ನು ಹಾಕುವ ಮುನ್ನ ಹಳೆಯದನ್ನು ಬೆಳಕಿಗೆ ಹಿಡಿದು ಓದುವ ದುರಸ್ತಿಗಾರನೇ ಆ ಸತ್ಯದ ನಿಜವಾದ ವಾರಸುದಾರ.