ರಾಷ್ಟ್ರೀಯ ಮಾದರಿ ಸಮೀಕ್ಷೆ

ಭಾರತದ ಕುಟುಂಬಗಳ ಖರ್ಚುವೆಚ್ಚ, ಉದ್ಯೋಗ, ಆರೋಗ್ಯ, ಶಿಕ್ಷಣ ಮೊದಲಾದ ವಿಷಯಗಳ ಬಗ್ಗೆ ಮಾಹಿತಿ ಕಲೆಹಾಕುವ ಸರ್ಕಾರಿ ಸಮೀಕ್ಷಾ ವ್ಯವಸ್ಥೆ. ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಾಲನೋಬಿಸ್ ಅವರ ಮುಂದಾಳತ್ವದಲ್ಲಿ 1950ರಲ್ಲಿ ಆರಂಭವಾಯಿತು. 2019ರಿಂದ ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ ಭಾಗವಾಗಿದೆ.

ವಿನ್ಯಾಸ: ಹಳ್ಳಿಗಳನ್ನೂ ನಗರದ ಬ್ಲಾಕ್‌ಗಳನ್ನೂ ಸ್ತರಗಳಾಗಿ ವಿಂಗಡಿಸಿ, ಯಾದೃಚ್ಛಿಕವಾಗಿ ಕೆಲವನ್ನು ಆರಿಸಲಾಗುತ್ತದೆ. ಆಯ್ದ ಕಡೆ ಮನೆಗಳನ್ನೆಲ್ಲ ಪಟ್ಟಿಮಾಡಿ, ಆ ಪಟ್ಟಿಯಿಂದ ಕೆಲವು ಕುಟುಂಬಗಳನ್ನು ಆರಿಸಿಕೊಂಡು ಪ್ರಶ್ನಾವಳಿ ತುಂಬಿಸಲಾಗುತ್ತದೆ. ಒಂದೇ ಪ್ರದೇಶದಿಂದ ಎರಡು ಸ್ವತಂತ್ರ ಉಪಮಾದರಿಗಳನ್ನು ತೆಗೆದು, ಫಲಿತಾಂಶಗಳನ್ನು ಹೋಲಿಸಿ ದೋಷ ಅಳೆಯುವ ವಿಧಾನ ಮಹಾಲನೋಬಿಸ್ ಅವರ ಕೊಡುಗೆ.

ನೆನಪಿನ ಅವಧಿ: ಅಕ್ಕಿ, ಬೇಳೆ, ಎಣ್ಣೆಗೆ ಎಷ್ಟು ಖರ್ಚಾಯಿತು ಎಂದು ಕಳೆದ 30 ದಿನಗಳ ಲೆಕ್ಕ ಕೇಳುವುದು ರೂಢಿಯಲ್ಲಿತ್ತು. 7 ದಿನಗಳ ಲೆಕ್ಕ ಕೇಳಿದ ಪ್ರಯೋಗಗಳಲ್ಲಿ ಆಹಾರದ ಖರ್ಚು ಹೆಚ್ಚಾಗಿ ಕಂಡುಬಂದಿತು. 1999–2000ರಲ್ಲಿ ನಡೆದ ಸಮೀಕ್ಷೆಯ 55ನೇ ಸುತ್ತಿನಲ್ಲಿ ಎರಡೂ ಪ್ರಶ್ನೆಗಳನ್ನು ಒಂದೇ ಕುಟುಂಬಕ್ಕೆ ಅಕ್ಕಪಕ್ಕದಲ್ಲೇ ಕೇಳಿದ್ದರಿಂದ ಒಂದು ಉತ್ತರ ಇನ್ನೊಂದನ್ನು ಪ್ರಭಾವಿಸಿರಬಹುದೆಂಬ ಆಕ್ಷೇಪ ಎದ್ದಿತು. ಹೀಗಾಗಿ ಈ ಖರ್ಚಿನ ಲೆಕ್ಕವನ್ನು ಆಧರಿಸಿದ ಬಡತನದ ಅಂದಾಜನ್ನು ಹಿಂದಿನ ಸುತ್ತುಗಳೊಂದಿಗೆ ಹೋಲಿಸುವುದೇ ವಿವಾದವಾಯಿತು.

ಸಮೀಕ್ಷೆಯಲ್ಲಿ ರಾಜ್ಯಗಳೂ ಪಾಲ್ಗೊಳ್ಳುತ್ತವೆ; ಕರ್ನಾಟಕದಲ್ಲಿ ರಾಜ್ಯದ ಪಾಲಿನ ಮಾದರಿಯ ಸಮೀಕ್ಷೆಯನ್ನು ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯ ನಡೆಸುತ್ತದೆ.