ತಾಳೆಗರಿಯ ರಾಜ್ಯಶಾಸ್ತ್ರವೂ ಮಸ್ಕಿಯ ಬಂಡೆಯೂ

ರಾಯಚೂರು ಜಿಲ್ಲೆಯ ಮಾನ್ವಿ ಸೀಮೆಯಲ್ಲಿ ತುಂಗಭದ್ರೆಯ ತೀರದಲ್ಲಿರುವ ಚೀಕಲಪರ್ವಿಯು ಶ್ರೀ ವಿಜಯದಾಸರ ಜನ್ಮಭೂಮಿಯೆಂದು ಕನ್ನಡನಾಡಿನಲ್ಲೆಲ್ಲ ವಿಖ್ಯಾತವಾಗಿರುವುದು. 1682ರಲ್ಲಿ ಅವತರಿಸಿದ ಆ ಮಹನೀಯರ ಕಾರಣದಿಂದ ಈ ಪ್ರಾಂತವನ್ನು ಭಕ್ತಿಯ ನೆಲವೆಂದು ಜನರು ಎಣಿಸುವರು. ಅದು ಯುಕ್ತವೂ ಹೌದು. ಆದರೆ ಇದೇ ನೆಲಕ್ಕೆ ರಾಜ್ಯಶಾಸ್ತ್ರದ ಚರಿತ್ರೆಯೊಡನೆಯೂ ಒಂದು ಸಂಬಂಧವುಂಟೆಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ಚೀಕಲಪರ್ವಿಗೆ ಪಶ್ಚಿಮದಲ್ಲಿ, ಅದೇ ಜಿಲ್ಲೆಯಲ್ಲಿರುವ ಮಸ್ಕಿಯಲ್ಲಿ, 1915ನೆಯ ಇಸವಿಯ ಜನವರಿ ತಿಂಗಳಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರನು ಬಂಡೆಯೊಂದರ ಮೇಲೆ ಪ್ರಾಚೀನಾಕ್ಷರಗಳನ್ನು ಕಂಡನು. ಅದು ಮೌರ್ಯರ ಧರ್ಮಶಾಸನವೆಂದು ತಿಳಿದುಬಂದಿತು. ಅಲ್ಲಿಯವರೆಗೆ ದೊರೆತಿದ್ದ ಶಾಸನಗಳಲ್ಲೆಲ್ಲ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳೇ ಹೊರತು ರಾಜನ ಹೆಸರಿರಲಿಲ್ಲ. ಮಸ್ಕಿಯ ಬಂಡೆಯಲ್ಲಿ ‘ಅಶೋಕ’ನೆಂಬ ನಾಮವೇ ಸ್ಪಷ್ಟವಾಗಿ ಕಾಣಿಸಿತು. ಅನಂತರದಲ್ಲಿ ಮಧ್ಯಪ್ರದೇಶದ ಗುಜರ್ರಾ, ಬಳ್ಳಾರಿ ಸೀಮೆಯ ನಿಟ್ಟೂರು ಮೊದಲಾದೆಡೆಗಳಲ್ಲಿಯೂ ಆ ಹೆಸರು ದೊರೆತಿದೆಯಾದರೂ ಪ್ರಥಮಗೌರವವು ಮಸ್ಕಿಗೇ ಸಲ್ಲತಕ್ಕದ್ದು. ಧರ್ಮವನ್ನು ಸಾಧಿಸುವುದು ದೊಡ್ಡವರಿಂದ ಮಾತ್ರವೇ ಆಗತಕ್ಕದ್ದಲ್ಲ, ಅಲ್ಪನಾದವನೂ ಅದನ್ನು ಪಡೆಯಬಲ್ಲನೆಂಬುದು ಆ ಶಾಸನದ ಅಭಿಪ್ರಾಯ. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಪರಿಷ್ಕರಿಸಿ, ಹೈದರಾಬಾದು ಸಂಸ್ಥಾನದ ಪ್ರಾಕ್ತನ ಗ್ರಂಥಮಾಲೆಯ ಮೊದಲನೆಯ ಸಂಚಿಕೆಯಾಗಿ ಅದೇ ವರ್ಷ ಹೊರಗೆಡಹಿದರು.

ಅದೇ 1915ರಲ್ಲಿಯೇ ಬೆಂಗಳೂರಿನ ಸರ್ಕಾರೀ ಮುದ್ರಣಾಲಯದಿಂದ ಇನ್ನೊಂದು ಗ್ರಂಥವು ಹೊರಬಿದ್ದಿತು. ಅದು ಕೌಟಿಲೀಯ ಅರ್ಥಶಾಸ್ತ್ರದ ಇಂಗ್ಲಿಷ್ ಅನುವಾದ; ಅನುವಾದಕರು ರುದ್ರಪಟ್ಟಣದ ಶಾಮಶಾಸ್ತ್ರಿಗಳು. ಡಾಕ್ಟರ್ ಫ್ಲೀಟರು ಅದಕ್ಕೆ ಪೀಠಿಕೆಯನ್ನು ಬರೆದರು. ಒಂದೇ ವರ್ಷದಲ್ಲಿ ಮೌರ್ಯಚಕ್ರವರ್ತಿಯ ನಾಮಧೇಯವು ಕನ್ನಡನಾಡಿನ ಉತ್ತರಭಾಗದ ಕಲ್ಲಿನಿಂದಲೂ, ಮೌರ್ಯಮಂತ್ರಿಯದೆಂದು ಪ್ರಸಿದ್ಧವಾದ ಶಾಸ್ತ್ರವು ದಕ್ಷಿಣಭಾಗದ ತಾಳೆಗರಿಯಿಂದಲೂ ಲೋಕದ ಕಣ್ಣಿಗೆ ಬಿದ್ದುದು ಆಶ್ಚರ್ಯಕರವಲ್ಲವೆ?

ಈಗ ವಿಶ್ವವಿದ್ಯಾಲಯಗಳಲ್ಲಿ ರಾಜ್ಯಶಾಸ್ತ್ರಕ್ಕೆ ಪ್ರತ್ಯೇಕ ವಿಭಾಗಗಳಿವೆ. ಅಧ್ಯಾಪಕರ ಸಂಶೋಧನೆಗಳಿಗೆ ಪದಕಗಳೂ ಪ್ರಶಸ್ತಿಗಳೂ ದೊರೆಯುತ್ತವೆ. ಕರ್ಣಾಟಕಕ್ಕೆ ಆ ಶಾಸ್ತ್ರದಲ್ಲಿ ಬಂದ ಅತ್ಯುನ್ನತವಾದ ಕೀರ್ತಿಯು ಮಾತ್ರ ಇಲ್ಲಿ ವಿಶ್ವವಿದ್ಯಾಲಯವೇ ಇಲ್ಲದಿದ್ದ ಕಾಲದಲ್ಲಿ, ಪ್ರಾಧ್ಯಾಪಕರಲ್ಲದ ಒಬ್ಬ ಪುಸ್ತಕಭಂಡಾರದ ಅಧಿಕಾರಿಯಿಂದ ಬಂದಿತು. ಮೈಸೂರು ವಿಶ್ವವಿದ್ಯಾಲಯವು ಸ್ಥಾಪಿತವಾದುದು 1916ರಲ್ಲಿ. ಪ್ರಾಚ್ಯಪುಸ್ತಕಭಂಡಾರವು ಅದರ ಅಂಗವಾದುದೂ ಆಗಲೇ. ಅರ್ಥಶಾಸ್ತ್ರವು ಅಷ್ಟರಲ್ಲಿ ಅಚ್ಚಾಗಿ ಏಳು ವರ್ಷಗಳಾಗಿದ್ದವು.

ಶಾಮಶಾಸ್ತ್ರಿಗಳು 1868ರಲ್ಲಿ ಕಾವೇರೀತೀರದ ರುದ್ರಪಟ್ಟಣದಲ್ಲಿ ಹುಟ್ಟಿದವರು. ಮೈಸೂರಿನ ಸಂಸ್ಕೃತ ಪಾಠಶಾಲೆಯಲ್ಲಿ ವ್ಯಾಸಂಗಮಾಡಿ ವಿದ್ವತ್ಪರೀಕ್ಷೆಯಲ್ಲಿ ಉತ್ತಮಶ್ರೇಣಿಯಲ್ಲಿ ತೇರ್ಗಡೆಹೊಂದಿದರು. 1889ರಲ್ಲಿ ಮದರಾಸು ವಿಶ್ವವಿದ್ಯಾಲಯದ ಬಿ. ಎ. ಪದವಿಯನ್ನೂ ಪಡೆದರು. ದಿವಾನ್ ಶೇಷಾದ್ರಿ ಅಯ್ಯರವರು ಇವರ ಪಾಂಡಿತ್ಯವನ್ನು ಮೆಚ್ಚಿ, 1891ರಲ್ಲಿ ಸ್ಥಾಪಿತವಾಗಿದ್ದ ಪ್ರಾಚ್ಯಪುಸ್ತಕಭಂಡಾರದಲ್ಲಿ ಕೆಲಸ ದೊರೆಯುವಂತೆ ಸಹಾಯಮಾಡಿದರು. ನೂರಾರು ಮನೆಗಳಿಂದ ಬಂದ ತಾಳೆಗರಿಯ ಕಟ್ಟುಗಳನ್ನು ಬಿಚ್ಚಿ, ಧೂಳನ್ನೊರೆಸಿ, ಲಿಪಿಯನ್ನು ಗುರುತಿಸಿ, ಇದು ಇಂತಹ ಗ್ರಂಥವೆಂದು ಪಟ್ಟಿಯಲ್ಲಿ ಬರೆಯುವುದು ಅಲ್ಲಿಯ ನಿತ್ಯದ ಉದ್ಯೋಗ. ಪದಕಕ್ಕಾಗಿ ಈ ಕೆಲಸವನ್ನು ಯಾರೂ ಕೈಕೊಳ್ಳುವುದಿಲ್ಲ.

ಹೀಗಿರಲಾಗಿ 1905ರಲ್ಲಿ ಗ್ರಂಥಲಿಪಿಯ ಒಂದು ಕಟ್ಟು ಅವರ ಕೈಸೇರಿತು. ಕೌಟಿಲ್ಯನ ಹೆಸರು ಪಂಡಿತರಿಗೆ ಅಪರಿಚಿತವಾದುದೇನೂ ಅಲ್ಲ. ಕಾಮಂದಕನು ತನ್ನ ನೀತಿಸಾರದ ಆದಿಯಲ್ಲಿ ವಿಷ್ಣುಗುಪ್ತನಿಗೆ ನಮಸ್ಕರಿಸಿದ್ದಾನೆ. ದಂಡಿಯು ದಶಕುಮಾರಚರಿತದಲ್ಲಿ ಆತನ ಶಾಸ್ತ್ರಕ್ಕೆ ಆರು ಸಾವಿರ ಶ್ಲೋಕಗಳ ಪ್ರಮಾಣವನ್ನು ಹೇಳಿದ್ದಾನೆ. ಪಂಪನಿಗೆ ಆಶ್ರಯವಿತ್ತ ವೇಮುಲವಾಡದ ಚಾಲುಕ್ಯವಂಶದವರ ಕಾಲದಲ್ಲಿದ್ದ ಸೋಮದೇವಸೂರಿಯ ನೀತಿವಾಕ್ಯಾಮೃತವು ಬಹುಮಟ್ಟಿಗೆ ಅದೇ ಆಕರದಿಂದ ಹರಿದ ತೊರೆ. ಊರಿನ ಹೆಸರನ್ನು ಎಲ್ಲರೂ ಬಲ್ಲರು. ದಾರಿಯನ್ನು ಬಲ್ಲವರು ಮಾತ್ರ ಯಾರೂ ಇರಲಿಲ್ಲ. ಹಿಂದುಗಳು ಪರಲೋಕವಿಚಾರದಲ್ಲಿ ನಿಪುಣರೇ ವಿನಾ ರಾಜ್ಯಾಡಳಿತವನ್ನು ಶಾಸ್ತ್ರವನ್ನಾಗಿ ಚಿಂತಿಸಿದವರಲ್ಲವೆಂದು ಪಾಶ್ಚಾತ್ಯರಲ್ಲಿ ಹಲವರು ಹೇಳುತ್ತಿದ್ದಾಗ, ಉತ್ತರಕೊಡಬೇಕಾದ ಗ್ರಂಥವು ಯಾವನೋ ಪಂಡಿತನ ಮನೆಯಲ್ಲಿ ಮಲಗಿದ್ದಿತು.

ಶಾಸ್ತ್ರಿಗಳಿಗೆ ದೊರೆತ ಪ್ರತಿಯೊಂದೇ. ಭಟ್ಟಸ್ವಾಮಿಯ ವ್ಯಾಖ್ಯಾನವು ಜೊತೆಗಿದ್ದರೂ ಅದು ಎರಡನೆಯ ಅಧಿಕರಣದ ಕೆಲವು ಭಾಗಕ್ಕೆ ಮಾತ್ರ. ಗ್ರಂಥವಾದರೋ ಹದಿನೈದು ಅಧಿಕರಣಗಳು, 150 ಅಧ್ಯಾಯಗಳು, 180 ಪ್ರಕರಣಗಳು. ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರಗಳೆಂಬ ಸಪ್ತಾಂಗಗಳು ಕಾವ್ಯಪಾಠಕರಿಗೂ ಗೊತ್ತು. ಆದರೆ ಸುಂಕ, ನೇಯ್ಗೆ, ತೂಕ, ಆನೆ, ಗಣಿ, ಗೂಢಚಾರರ ವೇಷಗಳು ಇವುಗಳ ಪಾರಿಭಾಷಿಕ ಶಬ್ದಗಳಿಗೆ ಯಾವ ಕೋಶವನ್ನು ನೋಡುವುದು? ಶಾಸ್ತ್ರಿಗಳು ಭೂಕಂದಾಯದ ಭಾಗವನ್ನು 1905ರಲ್ಲಿಯೇ ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ವಿವರಿಸಿದರು. ಅಲ್ಲಿಂದಾಚೆಗೆ ಖಂಡಖಂಡವಾಗಿ ಅನುವಾದಿಸುತ್ತ ಬಂದರು. 1909ರಲ್ಲಿ ಮೂಲವನ್ನು ಮೈಸೂರು ಗ್ರಂಥಮಾಲೆಯ 37ನೆಯ ಪುಸ್ತಕವಾಗಿ ಅಚ್ಚುಹಾಕಿಸಿದರು. ತಪ್ಪುಗಳಿದ್ದವು. ತಿರುವನಂತಪುರದ ಗಣಪತಿಶಾಸ್ತ್ರಿಗಳು 1924–25ರಲ್ಲಿ ಶ್ರೀಮೂಲಾ ಎಂಬ ಟೀಕೆಯೊಡನೆ ಪ್ರಕಟಿಸಿದ ಪಾಠದಲ್ಲಿ ಅನೇಕ ಸ್ಥಳಗಳು ತಿದ್ದಲ್ಪಟ್ಟವು. ಕಾಡಿನಲ್ಲಿ ಮೊದಲು ದಾರಿಮಾಡಿದವನ ಕಾಲಿಗೆ ಮುಳ್ಳು ಚುಚ್ಚುವುದು ಸಹಜ. ಶಾಮಶಾಸ್ತ್ರಿಗಳೂ ಸುಮ್ಮನಿರದೆ ತಮ್ಮ ಅನುವಾದವನ್ನು 1923ರಲ್ಲಿಯೂ 1929ರಲ್ಲಿಯೂ ಮರಳಿ ಪ್ರಕಟಿಸಿದರು.

ಮರ್ಯಾದೆಗಳು ತಾವಾಗಿ ಬಂದವು. 1919ರಲ್ಲಿ ವಾಷಿಂಗ್ಟನ್ನಿನ ಪ್ರಾಚ್ಯ ವಿಶ್ವವಿದ್ಯಾಲಯವೂ, 1921ರಲ್ಲಿ ಕಲಕತ್ತಾ ವಿಶ್ವವಿದ್ಯಾಲಯವೂ ಡಾಕ್ಟರ್ ಪದವಿಯನ್ನು ಕೊಟ್ಟವು. ಕ್ಯಾಂಬೆಲ್ ಸ್ಮಾರಕ ಸುವರ್ಣಪದಕವು ಬಂದಿತು. ಭಾರತ ಸರ್ಕಾರದಿಂದ ಮಹಾಮಹೋಪಾಧ್ಯಾಯ, ಮೈಸೂರು ಮಹಾರಾಜರಿಂದ ಅರ್ಥಶಾಸ್ತ್ರವಿಶಾರದ ಎಂಬ ಬಿರುದುಗಳು ಸಂದವು. ಇವೆಲ್ಲಕ್ಕಿಂತಲೂ ಹೆಚ್ಚಿನದಾಗಿ ಎಣಿಸತಕ್ಕದ್ದು, ಕಲಕತ್ತೆಯವರು ಇವರನ್ನು ಸ್ನಾತಕೋತ್ತರ ತರಗತಿಗಳಿಗೆ ಉಪನ್ಯಾಸಕರನ್ನಾಗಿ ಬರಮಾಡಿಕೊಂಡುದು. ಭಾರತೀಯ ರಾಜ್ಯಪದ್ಧತಿಯ ವಿಕಾಸವನ್ನು ಕುರಿತ ಆ ಉಪನ್ಯಾಸಗಳು 1920ರಲ್ಲಿ ಅಲ್ಲಿಯ ವಿಶ್ವವಿದ್ಯಾಲಯದಿಂದಲೇ ಪ್ರಕಟವಾದವು. ಪಾಠಶಾಲೆಯ ವಿದ್ವಾಂಸನೊಬ್ಬನು ವಂಗದೇಶದ ಉಚ್ಚ ತರಗತಿಗಳಲ್ಲಿ ರಾಜ್ಯಶಾಸ್ತ್ರವನ್ನು ಬೋಧಿಸಿದ ಈ ಸಂಗತಿಯು ಪದಕಕ್ಕಿಂತ ಹೆಚ್ಚು ತೂಕವುಳ್ಳದ್ದು. ಮಹಾರಾಜರು ಜರ್ಮನಿಗೆ ಹೋಗಿದ್ದಾಗ ಅಲ್ಲಿಯ ವಿದ್ವಾಂಸರು “ಶಾಮಶಾಸ್ತ್ರಿಗಳ ಮೈಸೂರೇ?” ಎಂದು ಕೇಳಿದರೆಂಬ ಕಥೆಯೊಂದನ್ನು ಹೇಳುವುದುಂಟು. ಕಥೆ ಹೇಗೇ ಇರಲಿ, ಜರ್ಮನ್ ಪಂಡಿತರಲ್ಲಿ ಯೋಲಿಯು ಗ್ರಂಥವನ್ನು ಪರಿಷ್ಕರಿಸಿದುದೂ, ಮೇಯರನು ಜರ್ಮನ್ ಭಾಷೆಗೆ ತಂದುದೂ ನಿಜವಷ್ಟೆ.

ಇನ್ನು ವಿವಾದದ ವಿಷಯ. ಗ್ರಂಥಕರ್ತನು ಚಂದ್ರಗುಪ್ತನ ಮಂತ್ರಿಯೇ ಎಂದು ಶಾಸ್ತ್ರಿಗಳು ನಂಬಿದ್ದರು. ಯೋಲಿ, ವಿಂಟರ್ನಿಟ್ಸ್, ಕೀತ್ ಮೊದಲಾದವರು ಒಪ್ಪಲಿಲ್ಲ. ಮುಂಬಯಿಯ ಕಾಂಗಲೆಯವರು 1960–65ರಲ್ಲಿ ಮೂರು ಸಂಪುಟಗಳಲ್ಲಿ ಗ್ರಂಥವನ್ನು ಶೋಧಿಸಿ ಸಂಪ್ರದಾಯದ ಪಕ್ಷವನ್ನೇ ಹಿಡಿದರು. ಟ್ರಾಟ್‌ಮನ್ ಎಂಬವರು 1971ರಲ್ಲಿ ಶಬ್ದಗಳ ಪ್ರಯೋಗವನ್ನು ಲೆಕ್ಕಹಾಕಿ, ಒಬ್ಬನಿಗಿಂತ ಹೆಚ್ಚಿನ ಕರ್ತೃಗಳಿದ್ದಾರೆಂದು ಹೇಳಿದರು. 2013ರ ಅನುವಾದದಲ್ಲಿ ಒಲಿವೆಲ್ ಅವರು ಗ್ರಂಥದ ಕಾಲವನ್ನು ಕ್ರಿಸ್ತಶಕದ ಆರಂಭದ ಶತಮಾನಗಳಿಗೆ ಇಳಿಸಿದ್ದಾರೆ. ಪಕ್ಷಪಾತವಿಲ್ಲದೆ ನೋಡಿದರೆ ಈ ನವೀನರ ಯುಕ್ತಿಗಳು ಬಲವಾಗಿಯೇ ಇವೆ. ಆದುದರಿಂದ ಮಸ್ಕಿಯ ಶಾಸನಕ್ಕೆ ಅರ್ಥಶಾಸ್ತ್ರವನ್ನೇ ಭಾಷ್ಯವೆಂದು ಓದುವುದು ಸಾಹಸವಾದೀತು.

ಹಾಗೆಂದು ಎರಡನ್ನೂ ಒಟ್ಟಿಗೆ ಇಡಬಾರದೆಂದೇನೂ ಇಲ್ಲ. ಆಕರಾಧ್ಯಕ್ಷನೆಂಬ ಗಣಿಯ ಅಧಿಕಾರಿಯು ಕಿಟ್ಟ, ಮೂಷೆ, ಇದ್ದಲು, ಬೂದಿ ಇವುಗಳ ಗುರುತಿನಿಂದ ಹಳೆಯ ಗಣಿಗಳನ್ನು ಕಂಡುಹಿಡಿಯಬೇಕೆಂದು ಎರಡನೆಯ ಅಧಿಕರಣವು ವಿಧಿಸುತ್ತದೆ. ಗಣಿಯಿಂದ ಕೋಶ, ಕೋಶದಿಂದ ಸೈನ್ಯವೆಂದೂ ಹೇಳುತ್ತದೆ. ಹಟ್ಟಿ, ಮಸ್ಕಿಗಳ ಸುತ್ತಣ ನೆಲದಲ್ಲಿ ಪುರಾತನರು ಚಿನ್ನಕ್ಕಾಗಿ ತೋಡಿದ ಆಳವಾದ ಗುಂಡಿಗಳು ಪ್ರಸಿದ್ಧವಾದವು. 1892ರಲ್ಲಿ ರೈಸ್ ಸಾಹೇಬರಿಗೆ ದೊರೆತ ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿ ಶಾಸನದಲ್ಲಿ, ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಆಜ್ಞೆಯನ್ನು ಕಳುಹಿದರೆಂದಿದೆ. ಆ ಸುವರ್ಣಗಿರಿಯನ್ನು ಮಸ್ಕಿಯೆಂದು ಕೆಲವರೂ ಕನಕಗಿರಿಯೆಂದು ಕೆಲವರೂ ಊಹಿಸಿದ್ದಾರೆ. ಊಹೆಯಲ್ಲಿ ಯಾವುದು ನಿಂತರೂ, ಮೌರ್ಯರ ರಾಜಪುತ್ರನು ಈ ದಕ್ಷಿಣದೇಶಕ್ಕೆ ಬಂದು ಕುಳಿತುದಕ್ಕೆ ಇಲ್ಲಿಯ ಚಿನ್ನವೂ ಒಂದು ಕಾರಣವೆಂಬುದನ್ನು ತಳ್ಳಿಹಾಕುವುದು ಕಷ್ಟ. ಹಳೆಯ ಗಣಿಯ ಜಾಡನ್ನು ಬಲ್ಲ ಎಂಜಿನಿಯರನೊಬ್ಬನೇ ಅಶೋಕನ ಹೆಸರನ್ನು ಎಡವಿದುದಂತೂ ಕೌಟಿಲ್ಯನು ಕೇಳಿದ್ದರೆ ಮೆಚ್ಚುತ್ತಿದ್ದ ಮಾತು.

ಶಾಮಶಾಸ್ತ್ರಿಗಳು 1944ರಲ್ಲಿ ದಿವಂಗತರಾದರು. ತಾಳೆಗರಿಯ ಆ ಪ್ರತಿಯು ಈಗಲೂ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿದೆ. ಅದನ್ನು ಭಂಡಾರಕ್ಕೆ ತಂದೊಪ್ಪಿಸಿದವನನ್ನು ಶಾಸ್ತ್ರಿಗಳ ಮುನ್ನುಡಿಯು ತಂಜಾವೂರು ಸೀಮೆಯ ಒಬ್ಬ ಪಂಡಿತನೆಂದಷ್ಟೇ ಹೇಳುತ್ತದೆ; ಆತನ ಹೆಸರನ್ನು ಹೇಳಿಲ್ಲ.