ಏಕರೂಪ ಅವಳಿಗಳ ನಡುವಿನ ಆನುವಂಶಿಕ ವ್ಯತ್ಯಾಸಗಳು ಹಾಗೂ ಮನೋವಿಜ್ಞಾನದಲ್ಲಿ ಅವುಗಳ ಮಹತ್ವ: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಅವಳಿ ಮಕ್ಕಳ ಪೈಕಿ ಒಬ್ಬರಿಗೆ ಮಾನಸಿಕ ಕಾಯಿಲೆ, ಬೌದ್ಧಿಕ ವಿಕಲತೆ ಅಥವಾ ಅಪಸ್ಮಾರ ಇರುವುದು ದೃಢಪಟ್ಟಾಗ, ಇನ್ನೊಬ್ಬರಿಗೂ ಅದೇ ತೊಂದರೆ ಬಂದೇ ತೀರುತ್ತದೆಯೇ ಎಂಬ ಪ್ರಶ್ನೆ ಕುಟುಂಬದವರನ್ನು ಕಾಡುವುದು ಸಹಜ. ಈ ಶಂಕೆಯಿಂದಾಗಿ ಆರೋಗ್ಯವಾಗಿರುವ ಅವಳಿಯ ವಿದ್ಯಾಭ್ಯಾಸ, ಉದ್ಯೋಗ ಹಾಗೂ ವಿವಾಹ ಸಂಬಂಧಗಳಿಗೆ ಅಡ್ಡಿಯಾಗುವ ಸಂಭವವಿರುತ್ತದೆ. ಏಕರೂಪ ಅವಳಿಗಳು ಎಲ್ಲ ವಿಧದಲ್ಲಿಯೂ ಒಂದೇ ಎಂಬ ಭಾವನೆಯೇ ಈ ಶಂಕೆಯ ಮೂಲವಾಗಿದೆ. ಈ ಭಾವನೆ ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ಸಂಶೋಧನೆಗಳ ಆಧಾರದ ಮೇಲೆ ಈ ಪುಟದಲ್ಲಿ ವಿವರಿಸಲಾಗಿದೆ.

2. ಅವಳಿಗಳಲ್ಲಿ ಎಷ್ಟು ವಿಧ?

ಅವಳಿಗಳನ್ನು ಮುಖ್ಯವಾಗಿ ಎರಡು ವಿಧಗಳಾಗಿ ವಿಂಗಡಿಸಲಾಗಿದೆ.

(ಅ) ಏಕರೂಪ ಅವಳಿಗಳು: ಒಂದೇ ಅಂಡವು ಒಂದೇ ವೀರ್ಯಾಣುವಿನಿಂದ ಫಲಿತಗೊಂಡು, ಅನಂತರ ಆ ಭ್ರೂಣವು ಎರಡಾಗಿ ಬೇರ್ಪಟ್ಟಾಗ ಜನಿಸುವವರು. ವಿಶ್ವದಾದ್ಯಂತ ಪ್ರತಿ 1,000 ಹೆರಿಗೆಗಳಲ್ಲಿ ಸುಮಾರು 4 ಹೆರಿಗೆಗಳು ಈ ವಿಧದ್ದಾಗಿರುತ್ತವೆ.

(ಆ) ಭಿನ್ನರೂಪ ಅವಳಿಗಳು: ಎರಡು ಪ್ರತ್ಯೇಕ ಅಂಡಗಳು ಎರಡು ಪ್ರತ್ಯೇಕ ವೀರ್ಯಾಣುಗಳಿಂದ ಫಲಿತಗೊಂಡಾಗ ಜನಿಸುವವರು. ಆನುವಂಶಿಕವಾಗಿ ಇವರು ಬೇರೆ ಬೇರೆ ಹೆರಿಗೆಗಳಲ್ಲಿ ಹುಟ್ಟಿದ ಒಡಹುಟ್ಟಿದವರಂತೆಯೇ ಇರುತ್ತಾರೆ.

ಏಕರೂಪ ಅವಳಿಗಳಲ್ಲಿ ಭ್ರೂಣವು ಮೊದಲ ಮೂರು ದಿನಗಳೊಳಗೆ ಬೇರ್ಪಟ್ಟರೆ ಪ್ರತಿ ಶಿಶುವಿಗೂ ಪ್ರತ್ಯೇಕ ಮಾಸು ಇರುತ್ತದೆ. ಸ್ವಲ್ಪ ತಡವಾಗಿ ಬೇರ್ಪಟ್ಟರೆ ಇಬ್ಬರೂ ಒಂದೇ ಮಾಸನ್ನು ಹಂಚಿಕೊಳ್ಳುತ್ತಾರೆ. ಮಾಸು ಒಂದೇ ಆಗಿದ್ದರೂ ಇಬ್ಬರಿಗೂ ರಕ್ತ ಹಾಗೂ ಪೋಷಣೆ ಸಮಪಾಲಾಗಿ ದೊರೆಯುತ್ತದೆ ಎಂದೇನಿಲ್ಲ. ಹುಟ್ಟುವಾಗ ಅವಳಿಗಳ ತೂಕದಲ್ಲಿ ಕಂಡುಬರುವ ವ್ಯತ್ಯಾಸಕ್ಕೆ ಇದೂ ಒಂದು ಕಾರಣವಾಗಿರುತ್ತದೆ. ಅಂದರೆ, ತಾಯಿಯ ಗರ್ಭದಲ್ಲಿಯೇ ಇಬ್ಬರ ಪರಿಸರ ಬೇರೆಯಾಗಲು ಆರಂಭವಾಗಿರುತ್ತದೆ.

3. ಆನುವಂಶಿಕ ವ್ಯತ್ಯಾಸ ಉಂಟಾಗುವ ಬಗೆ

ಮಾನವನ ಜೀವಕೋಶವು ಪ್ರತಿ ಬಾರಿ ವಿಭಜನೆಯಾಗುವಾಗ ಅದರಲ್ಲಿರುವ ಡಿಎನ್‌ಎ ಸಂಪೂರ್ಣವಾಗಿ ನಕಲಾಗಬೇಕು. ತಂದೆ ಹಾಗೂ ತಾಯಿಯಿಂದ ಬಂದ ಪ್ರತಿಯೊಂದು ಪಾಲಿನಲ್ಲಿಯೂ ಸುಮಾರು 300 ಕೋಟಿ ಅಕ್ಷರಗಳಿರುತ್ತವೆ. ದೊಡ್ಡ ಲೆಕ್ಕದ ಪುಸ್ತಕವೊಂದನ್ನು ಕೈಬರಹದಲ್ಲಿ ನಕಲು ಮಾಡುವವನು ಎಷ್ಟೇ ಜಾಗರೂಕನಾಗಿದ್ದರೂ ಒಂದೆರಡು ನಮೂದುಗಳು ತಪ್ಪುವಂತೆ, ಇಲ್ಲಿಯೂ ಕೆಲವು ಅಕ್ಷರಗಳು ಬದಲಾಗುತ್ತವೆ. ಇದನ್ನು ಉತ್ಪರಿವರ್ತನೆ ಎನ್ನಲಾಗುತ್ತದೆ. ಭ್ರೂಣವು ಎರಡಾದ ನಂತರ ಒಂದು ಭಾಗದಲ್ಲಿ ಉಂಟಾದ ಬದಲಾವಣೆ ಇನ್ನೊಂದು ಭಾಗದಲ್ಲಿ ಇರುವುದಿಲ್ಲ. ಬೇರ್ಪಡುವ ಮೊದಲೇ ಒಂದು ಕೋಶದಲ್ಲಿ ಉಂಟಾದ ಬದಲಾವಣೆಯೂ, ಆ ಕೋಶದ ಸಂತತಿ ಹೆಚ್ಚಾಗಿ ಒಬ್ಬರ ಪಾಲಿಗೆ ಬಂದಲ್ಲಿ, ಒಬ್ಬರಲ್ಲಿ ಮಾತ್ರ ಕಾಣಿಸಿಕೊಳ್ಳಬಹುದು.

ಇದಲ್ಲದೆ ಈ ಕೆಳಕಂಡ ವ್ಯತ್ಯಾಸಗಳೂ ಉಂಟು:

(ಅ) ಡಿಎನ್‌ಎಯ ಒಂದು ತುಣುಕು ಒಬ್ಬರಲ್ಲಿ ಲೋಪವಾಗಿರುವುದು ಅಥವಾ ಹೆಚ್ಚುವರಿಯಾಗಿರುವುದು.

(ಆ) ಹೆಣ್ಣು ಅವಳಿಗಳಲ್ಲಿ, ಪ್ರತಿ ಕೋಶದ ಎರಡು ಎಕ್ಸ್ ವರ್ಣತಂತುಗಳ ಪೈಕಿ ಯಾವುದು ನಿಷ್ಕ್ರಿಯವಾಗುತ್ತದೆ ಎಂಬುದು ಇಬ್ಬರಲ್ಲಿ ಬೇರೆ ಬೇರೆಯಾಗಿರುವುದು.

(ಇ) ಡಿಎನ್‌ಎ ಅಕ್ಷರಗಳು ಬದಲಾಗದಿದ್ದರೂ, ಯಾವ ವಂಶವಾಹಿ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದನ್ನು ನಿಯಂತ್ರಿಸುವ ರಾಸಾಯನಿಕ ಗುರುತುಗಳು ಬದಲಾಗುವುದು.

4. ಪ್ರಮುಖ ಸಂಶೋಧನೆಗಳು

2005 ರಲ್ಲಿ ಸ್ಪೇನ್ ದೇಶದ ವಿಜ್ಞಾನಿಗಳು 3 ರಿಂದ 74 ವರ್ಷ ವಯಸ್ಸಿನ 40 ಜೋಡಿ ಏಕರೂಪ ಅವಳಿಗಳನ್ನು ಪರೀಕ್ಷಿಸಿ, ಸುಮಾರು ಶೇ. 35 ರಷ್ಟು ಜೋಡಿಗಳಲ್ಲಿ ಮೇಲ್ಕಂಡ ರಾಸಾಯನಿಕ ಗುರುತುಗಳು ಗಣನೀಯವಾಗಿ ಭಿನ್ನವಾಗಿರುವುದನ್ನು ಕಂಡುಕೊಂಡರು. ವಯಸ್ಸಾದ ಜೋಡಿಗಳಲ್ಲಿ ಈ ಭಿನ್ನತೆ ಹೆಚ್ಚಾಗಿತ್ತು.

2008 ರಲ್ಲಿ 19 ಜೋಡಿ ಅವಳಿಗಳನ್ನು ಕುರಿತು ಪ್ರಕಟವಾದ ಅಧ್ಯಯನವು, ಏಕರೂಪ ಅವಳಿಗಳ ನಡುವೆ ಡಿಎನ್‌ಎ ತುಣುಕುಗಳ ಸಂಖ್ಯೆಯಲ್ಲಿಯೂ ವ್ಯತ್ಯಾಸವಿರಬಹುದು ಎಂದು ತೋರಿಸಿತು.

2010 ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು, ಏಕರೂಪ ಅವಳಿಗಳ ಪೈಕಿ ಒಬ್ಬರಿಗೆ ಮಾತ್ರ ಡ್ರಾವೆಟ್ ಸಿಂಡ್ರೋಮ್ ಎಂಬ ತೀವ್ರ ಸ್ವರೂಪದ ಅಪಸ್ಮಾರ ಬಂದ ಪ್ರಕರಣವನ್ನು ವರದಿ ಮಾಡಿದರು. ಇದಕ್ಕೆ ಕಾರಣವಾದ ವಂಶವಾಹಿ ದೋಷವು ಭ್ರೂಣದ ಬೆಳವಣಿಗೆಯ ಅತಿ ಆರಂಭದ ಹಂತದಲ್ಲಿ ಉಂಟಾಗಿತ್ತು.

2021 ರಲ್ಲಿ ಐಸ್‌ಲ್ಯಾಂಡ್‌ನ ಡಿಕೋಡ್ ಜೆನೆಟಿಕ್ಸ್ ಸಂಸ್ಥೆಯು 381 ಜೋಡಿ ಏಕರೂಪ ಅವಳಿಗಳ ಸಂಪೂರ್ಣ ಡಿಎನ್‌ಎಯನ್ನು ಹೋಲಿಸಿತು. ಬೆಳವಣಿಗೆಯ ಆರಂಭದ ಹಂತದಲ್ಲಿ ಉಂಟಾದ ಉತ್ಪರಿವರ್ತನೆಗಳಲ್ಲಿ ಪ್ರತಿ ಜೋಡಿಯು ಸರಾಸರಿ 5.2 ರಷ್ಟು ಭಿನ್ನವಾಗಿತ್ತು. 38 ಜೋಡಿಗಳಲ್ಲಿ ಯಾವ ವ್ಯತ್ಯಾಸವೂ ಕಂಡುಬರಲಿಲ್ಲ. ಸುಮಾರು ಶೇ. 15 ರಷ್ಟು ಜೋಡಿಗಳಲ್ಲಿ ಇಂತಹ ಉತ್ಪರಿವರ್ತನೆಗಳು ಗಣನೀಯ ಸಂಖ್ಯೆಯಲ್ಲಿ ಒಬ್ಬರಲ್ಲಿ ಮಾತ್ರ ಇದ್ದವು.

5. ಮನೋವಿಜ್ಞಾನಕ್ಕೆ ಇದರ ಸಂಬಂಧ

ಮನುಷ್ಯನ ಬುದ್ಧಿ, ಸ್ವಭಾವ ಹಾಗೂ ಮಾನಸಿಕ ಕಾಯಿಲೆಗಳಲ್ಲಿ ಹುಟ್ಟಿನ ಪಾಲು ಎಷ್ಟು, ಪರಿಸರದ ಪಾಲು ಎಷ್ಟು ಎಂಬುದನ್ನು ಅವಳಿಗಳ ಮೂಲಕ ತಿಳಿಯಬಹುದೆಂದು ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1875 ರಲ್ಲಿಯೇ ಪ್ರತಿಪಾದಿಸಿದ್ದರು. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಥಾಮಸ್ ಬೌಚಾರ್ಡ್ ಅವರು 1979 ರಿಂದ, ಹುಟ್ಟಿದ ಮೇಲೆ ಬೇರೆ ಬೇರೆ ಮನೆಗಳಲ್ಲಿ ಬೆಳೆದ ಅವಳಿಗಳನ್ನು ಅಧ್ಯಯನ ಮಾಡಿದರು. 2015 ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು 2,748 ಅಧ್ಯಯನ ಪ್ರಕಟಣೆಗಳನ್ನು ಒಟ್ಟುಗೂಡಿಸಿ, ಎಲ್ಲ ಲಕ್ಷಣಗಳನ್ನು ಸೇರಿಸಿದಾಗ ಆನುವಂಶಿಕತೆಯ ಪಾಲು ಸರಾಸರಿ ಶೇ. 49 ಎಂದು ಲೆಕ್ಕ ಹಾಕಿತು.

ಈ ವಿಧಾನದ ಆಧಾರ ಸರಳವಾದುದು. ಏಕರೂಪ ಅವಳಿಗಳು ಶೇ. 100 ರಷ್ಟು, ಭಿನ್ನರೂಪ ಅವಳಿಗಳು ಸರಾಸರಿ ಶೇ. 50 ರಷ್ಟು ಆನುವಂಶಿಕ ಸಾಮ್ಯ ಹೊಂದಿರುತ್ತಾರೆ ಎಂದು ಭಾವಿಸಿ, ಎರಡೂ ಗುಂಪುಗಳಲ್ಲಿನ ಹೋಲಿಕೆಯನ್ನು ತಾಳೆ ನೋಡಲಾಗುತ್ತದೆ. ಏಕರೂಪ ಅವಳಿಗಳ ನಡುವೆ ಉಳಿದ ವ್ಯತ್ಯಾಸವನ್ನೆಲ್ಲಾ ಪರಿಸರದ ಖಾತೆಗೆ ಜಮಾ ಮಾಡುವುದು ರೂಢಿ. ಆದರೆ ಆ ಉಳಿಕೆಯಲ್ಲಿ ಅಳತೆಯ ದೋಷ, ಬೆಳವಣಿಗೆಯ ಆಕಸ್ಮಿಕಗಳು ಹಾಗೂ ಮೇಲೆ ವಿವರಿಸಿದ ಆನುವಂಶಿಕ ಬದಲಾವಣೆಗಳೂ ಸೇರಿರಬಹುದು ಎಂಬುದು ಈಗ ಸ್ಪಷ್ಟವಾಗಿದೆ.

ಹೀಗೆಂದ ಮಾತ್ರಕ್ಕೆ ಅವಳಿಗಳ ಅಧ್ಯಯನಗಳು ನಿರರ್ಥಕವಾಗುವುದಿಲ್ಲ. ಕೋಟಿಗಟ್ಟಲೆ ಅಕ್ಷರಗಳಲ್ಲಿ ಐದಾರು ವ್ಯತ್ಯಾಸಗಳು ಒಟ್ಟು ಲೆಕ್ಕವನ್ನು ಹೆಚ್ಚು ಬದಲಿಸುವುದಿಲ್ಲ. ಅವುಗಳಲ್ಲಿ ಬಹುಪಾಲು ಯಾವ ಪರಿಣಾಮವನ್ನೂ ಬೀರುವುದಿಲ್ಲ. ಆದರೆ ನಿರ್ದಿಷ್ಟ ಜೋಡಿಯೊಂದರಲ್ಲಿ, ಒಂದೇ ಬದಲಾವಣೆಯು ಮುಖ್ಯ ವಂಶವಾಹಿಯ ಮೇಲೆ ಬಿದ್ದಲ್ಲಿ, ಅದು ನಿರ್ಣಾಯಕವಾಗಬಹುದು.

6. ಕುಟುಂಬದವರು ತಿಳಿಯಬೇಕಾದ ಅಂಶ

ಡೆನ್ಮಾರ್ಕ್ ದೇಶದ ಅವಳಿಗಳ ನೋಂದಣಿಯನ್ನು ಆಧರಿಸಿ 2018 ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಸ್ಕಿಜೋಫ್ರೇನಿಯಾದಲ್ಲಿ ಆನುವಂಶಿಕತೆಯ ಪಾಲು ಸುಮಾರು ಶೇ. 79. ಆದಾಗ್ಯೂ, ಏಕರೂಪ ಅವಳಿಗಳಲ್ಲಿ ಒಬ್ಬರಿಗೆ ಈ ಕಾಯಿಲೆ ಇದ್ದಾಗ ಇನ್ನೊಬ್ಬರಿಗೂ ಇರುವ ಪ್ರಮಾಣ ಶೇ. 33 ಮಾತ್ರ. ಭಿನ್ನರೂಪ ಅವಳಿಗಳಲ್ಲಿ ಇದು ಶೇ. 7.

ಈ ಎರಡು ಅಂಕಿಗಳು ಪರಸ್ಪರ ವಿರುದ್ಧವಲ್ಲ. ಆನುವಂಶಿಕತೆಯ ಪಾಲು ಎಂಬುದು ಇಡೀ ಜನಸಮುದಾಯದಲ್ಲಿ ಕಾಣುವ ವ್ಯತ್ಯಾಸಗಳಿಗೆ ಸಂಬಂಧಿಸಿದ ಅಂಕಿ. ಅದು ಒಬ್ಬ ವ್ಯಕ್ತಿಯ ಭವಿಷ್ಯವನ್ನು ಹೇಳುವುದಿಲ್ಲ. ಶೇ. 33 ಎಂಬುದು ಸಾಮಾನ್ಯ ಜನರಿಗಿಂತ ಬಹಳ ಹೆಚ್ಚಿನ ಅಪಾಯವಾದ್ದರಿಂದ ಆರಂಭದ ಲಕ್ಷಣಗಳ ಬಗ್ಗೆ ನಿಗಾ ವಹಿಸುವುದು ಅವಶ್ಯಕ. ಅದೇ ವೇಳೆ, ಬಹುಪಾಲು ಪ್ರಕರಣಗಳಲ್ಲಿ ಇನ್ನೊಬ್ಬ ಅವಳಿಗೆ ಕಾಯಿಲೆ ಕಂಡುಬಂದಿಲ್ಲ ಎಂಬುದನ್ನೂ ಗಮನಿಸತಕ್ಕದ್ದು.

ಒಬ್ಬರಿಗೆ ಕಾಯಿಲೆ ಬಂದು ಇನ್ನೊಬ್ಬರಿಗೆ ಬಾರದಿದ್ದಾಗ, ತಾವು ಮಕ್ಕಳಲ್ಲಿ ಭೇದ ಮಾಡಿದ್ದರಿಂದಲೇ ಹೀಗಾಯಿತೇನೋ ಎಂದು ತಂದೆತಾಯಿಯರು ಕೊರಗುವುದುಂಟು. ಸಾಕಿದ ರೀತಿಯೇ ಕಾರಣವೆಂದು ತೀರ್ಮಾನಿಸಲು ಈ ವ್ಯತ್ಯಾಸವೊಂದೇ ಆಧಾರವಾಗುವುದಿಲ್ಲ. ಹುಟ್ಟುವ ಮೊದಲೇ, ಯಾರ ಕೈಯಲ್ಲಿಯೂ ಇಲ್ಲದ ಕಾರಣಗಳಿಂದಲೂ ಅವಳಿಗಳ ಹಾದಿ ಬೇರೆಯಾಗಿರಬಹುದು.

7. ಅರ್ಜಿದಾರರ ಗಮನಕ್ಕೆ

(ಅ) ಜನನ ನೋಂದಣಿ: ಅವಳಿ ಮಕ್ಕಳಿಗೆ ಪ್ರತ್ಯೇಕ ನಮೂನೆ ಭರ್ತಿ ಮಾಡಿ, ಷರಾ ಕಾಲಂನಲ್ಲಿ ಅವಳಿ ಜನನವೆಂದು ನಮೂದಿಸತಕ್ಕದ್ದು. ಜನನವಾದ 21 ದಿನಗಳೊಳಗೆ ಮಾಹಿತಿ ನೀಡುವುದು.

(ಆ) ಆಧಾರ್: ಏಕರೂಪ ಅವಳಿಗಳ ಬೆರಳಚ್ಚು ಹಾಗೂ ಕಣ್ಣಿನ ಪಾಪೆಯ ವಿನ್ಯಾಸಗಳು ಭಿನ್ನವಾಗಿರುವುದರಿಂದ ಪ್ರತ್ಯೇಕ ನೋಂದಣಿಗೆ ಮುಖಸಾಮ್ಯವು ಅಡ್ಡಿಯಲ್ಲ. 5 ಮತ್ತು 15 ವರ್ಷ ತುಂಬಿದಾಗ ಬಯೋಮೆಟ್ರಿಕ್ ವಿವರಗಳನ್ನು ನವೀಕರಿಸುವುದು.

(ಇ) ವಿಕಲಚೇತನರ ಗುರುತಿನ ಚೀಟಿ: ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016 ರಲ್ಲಿ ಮಾನಸಿಕ ಕಾಯಿಲೆ, ಬೌದ್ಧಿಕ ವಿಕಲತೆ ಹಾಗೂ ಆಟಿಸಂ ಸೇರಿದಂತೆ 21 ವಿಧದ ವಿಕಲತೆಗಳನ್ನು ಪಟ್ಟಿ ಮಾಡಲಾಗಿದೆ. ವೈದ್ಯಕೀಯ ತಪಾಸಣೆ ಪ್ರತಿ ವ್ಯಕ್ತಿಗೂ ಪ್ರತ್ಯೇಕ. ಒಬ್ಬ ಅವಳಿಯ ಪ್ರಮಾಣಪತ್ರವು ಇನ್ನೊಬ್ಬರಿಗೆ ಅನ್ವಯಿಸುವುದಿಲ್ಲ.

8. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸಾಮಾನ್ಯ ಡಿಎನ್‌ಎ ಪರೀಕ್ಷೆಯಿಂದ ಏಕರೂಪ ಅವಳಿಗಳನ್ನು ಪ್ರತ್ಯೇಕಿಸಬಹುದೇ?
ಉತ್ತರ: ಸಾಮಾನ್ಯ ಡಿಎನ್‌ಎ ಪರೀಕ್ಷೆಯಲ್ಲಿ ಕೆಲವೇ ಸ್ಥಾನಗಳನ್ನು ನೋಡುವುದರಿಂದ ಸಾಧ್ಯವಾಗುವುದಿಲ್ಲ. ಸಂಪೂರ್ಣ ಡಿಎನ್‌ಎಯನ್ನು ಓದುವ ವಿಧಾನದಿಂದ ಹಲವು ಪ್ರಕರಣಗಳಲ್ಲಿ ಸಾಧ್ಯವಿದೆ.

ಪ್ರಶ್ನೆ: ಒಬ್ಬರಿಗೆ ಮಾನಸಿಕ ಕಾಯಿಲೆ ಇದ್ದಲ್ಲಿ ಇನ್ನೊಬ್ಬರಿಗೂ ಈಗಲೇ ಔಷಧಿ ಕೊಡಿಸಬೇಕೇ?
ಉತ್ತರ: ಬೇಡ. ಲಕ್ಷಣಗಳು ಕಂಡುಬಂದಲ್ಲಿ ಮನೋವೈದ್ಯರ ಸಲಹೆ ಪಡೆಯುವುದು. ನಿದ್ರೆ ಕೆಡುವುದು, ಏಕಾಂತ ಬಯಸುವುದು, ವಿನಾಕಾರಣ ಸಂಶಯ ಪಡುವುದು ಹೆಚ್ಚಾದಲ್ಲಿ ತಡ ಮಾಡಬಾರದು.

ಪ್ರಶ್ನೆ: ಸಲಹೆಗಾಗಿ ಎಲ್ಲಿ ಸಂಪರ್ಕಿಸಬೇಕು?
ಉತ್ತರ: ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ, ಅಥವಾ 2022 ರಲ್ಲಿ ಆರಂಭವಾದ ಟೆಲಿ ಮಾನಸ್ ಉಚಿತ ದೂರವಾಣಿ 14416 ಅನ್ನು ಸಂಪರ್ಕಿಸಬಹುದು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ರ ಮೇರೆಗೆ ಚಿಕಿತ್ಸೆಯ ವಿವರಗಳನ್ನು ಗೋಪ್ಯವಾಗಿಡುವುದು ರೋಗಿಯ ಹಕ್ಕಾಗಿರುತ್ತದೆ.

ಸೂಚನೆ: ಈ ಪುಟದ ಮಾಹಿತಿಯು ಸಾರ್ವಜನಿಕರ ತಿಳುವಳಿಕೆಗಾಗಿ ಮಾತ್ರ, ವೈದ್ಯರ ಸಲಹೆಗೆ ಪರ್ಯಾಯವಲ್ಲ. ಅವಳಿಗಳಲ್ಲಿ ಪ್ರತಿಯೊಬ್ಬರೂ ಪ್ರತ್ಯೇಕ ವ್ಯಕ್ತಿಯೆಂದು ಪರಿಗಣಿಸಿ, ಅರ್ಜಿ ಹಾಗೂ ದಾಖಲೆಗಳನ್ನು ಪ್ರತ್ಯೇಕವಾಗಿಯೇ ಸಲ್ಲಿಸಲು ಕೋರಲಾಗಿದೆ.